ನಿಮ್ಮೂರಿನ ಹಳೇ ಸಿನಿಮಾ ನಟರ ಬದುಕು ಬರೆದಿಡೋದು ಹೆಂಗೆ: ದಾವಣಗೆರೆಯಲ್ಲಿ ನಾನು ಮಾಡಿದ್ದು, ಕಲ್ತಿದ್ದು

ದಾವಣಗೆರೆ ಹಳೇಪೇಟೆ ಕಡೆ ಒಬ್ಬರು ಅಜ್ಜ ಇದಾರೆ, ವಯಸ್ಸು ಎಂಬತ್ತು ದಾಟಿದೆ. ಹುಡುಗ ಇದ್ದಾಗಲೇ ನಾಟಕದ ಕಂಪನಿ ಸೇರಿ ಇಪ್ಪತ್ತು ವರ್ಷ ಊರೂರು ಕ್ಯಾಂಪ್ ತಿರುಗಿದೋರು, ಆಮೇಲೆ ಮೂವತ್ತಕ್ಕೂ ಹೆಚ್ಚು ಕನ್ನಡ ಸಿನಿಮಾದಲ್ಲಿ ಶಾನುಭೋಗ, ಪೂಜಾರಿ, ಪೊಲೀಸು, ಹೆಣ್ಣಿನ ತಂದೆ, ಸಾಲ ಕೊಟ್ಟ ಸಾಹುಕಾರ ಹಿಂಗೆ ಬಂದು ಹೋದೋರು. ಟಿವಿಲಿ ಹಳೇ ಸಿನಿಮಾ ಬಂದಾಗ ಮುಖ ನೋಡಿದ ತಕ್ಷಣ "ಏ ಇವ್ರು ಗೊತ್ತು ಕಣೋ" ಅಂತೀವಿ, ಹೆಸರು ಮಾತ್ರ ಯಾರ ಬಾಯಲ್ಲೂ ಬರಲ್ಲ. ಇಂಥೋರು ನಿಮ್ಮೂರಲ್ಲೂ ಒಬ್ಬರಾದ್ರೂ ಇರ್ತಾರೆ. ಅವರ ಕಥೆ ಬರೆದಿಡಬೇಕು ಅನ್ನೋ ಆಸೆ ಇದ್ರೆ ಹೆಂಗೆ ಶುರು ಮಾಡಬೇಕು, ಎಲ್ಲೆಲ್ಲಿ ತಪ್ಪಾಗ್ತದೆ ಅಂತ ನಾನು ಎರಡು ವರ್ಷ ಈ ಅಜ್ಜನ ಜೊತೆ ಕೂತು ಕಲ್ತಿದ್ದನ್ನ ಬರೀತಿದೀನಿ. ಅವರ ಹೆಸರು ಇಲ್ಲಿ ಹಾಕಲ್ಲ, ಮನೆಯೋರು ಪುಸ್ತಕ ಆಗೋವರೆಗೂ ಬೇಡ ಅಂದಿದಾರೆ.

ದೊಡ್ಡ ಸ್ಟಾರ್‌ಗಳ ಬಗ್ಗೆ ಬರೆಯೋಕೆ ಜನ ಇದಾರೆ. ಅಣ್ಣಾವ್ರು 1929ರ ಏಪ್ರಿಲ್ 24ಕ್ಕೆ ಹುಟ್ಟಿದ್ದು, 1995ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂದಿದ್ದು, ಎಲ್ಲಾ ಅಚ್ಚಾಗಿ ಕೂತಿದೆ. ಆದ್ರೆ ಅದೇ ಅಣ್ಣಾವ್ರ ಹಿಂದೆ ನಿಂತು ಎರಡು ಡೈಲಾಗ್ ಹೇಳಿದೋರ ವಿಷಯ ಅವರ ತಲೆಯಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ಆ ತಲೆಗೆ ಎಂಬತ್ತು ಆಗಿರ್ತದೆ. ಅದಕ್ಕೇ ನನಗೆ ಅರ್ಜೆಂಟು.

ನಮ್ಮೂರಲ್ಲಿ ಇದು ಇನ್ನೂ ಅರ್ಜೆಂಟು ಯಾಕಂದ್ರೆ ದಾವಣಗೆರೆ ಅಂದ್ರೆ ಬರೀ ಬೆಣ್ಣೆದೋಸೆ, ಹತ್ತಿ ಮಿಲ್ಲು ಅಲ್ಲ, ಇದು ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಅವರ ಕುಟುಂಬದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿದು, ಲೀಲಮ್ಮ ರಂಗದ ಮೇಲೂ ಸಿನಿಮಾದಲ್ಲೂ ದುಡಿದೋರು, 1988ರಲ್ಲಿ ಪದ್ಮಶ್ರೀ ಬಂತು. ಅವರು ತೀರಿಕೊಂಡಿದ್ದು 2010ರ ಜನವರಿಯಲ್ಲಿ. ಅದೇ ತಿಂಗಳು 18ಕ್ಕೆ ಕೆ.ಎಸ್. ಅಶ್ವಥ್ ಹೋದ್ರು, ಅದಕ್ಕೂ ಮುಂಚೆ 2009ರ ಡಿಸೆಂಬರ್ 30ಕ್ಕೆ ವಿಷ್ಣುವರ್ಧನ್, ಹಿಂದಿನ ದಿನ ಗಾಯಕ ಸಿ. ಅಶ್ವತ್ಥ್. ಒಂದು ತಿಂಗಳೊಳಗೆ ನಾಲ್ಕು ಜನ. ನಾನಾಗ ಕಾಲೇಜು, ಪೇಪರ್‌ನಲ್ಲಿ ದಿನಾ ಶ್ರದ್ಧಾಂಜಲಿ ಓದಿ ಓದಿ ಅನ್ನಿಸಿದ್ದೇನಂದ್ರೆ ಬದುಕಿದ್ದಾಗ ಯಾರೂ ಕೂತು ಪೂರ್ತಿ ಕೇಳಿಲ್ಲವಲ್ಲ ಅಂತ. ಅಲ್ಲಿಂದ ಮನಸಲ್ಲಿತ್ತು, ಶುರು ಮಾಡೋಕೆ ಹತ್ತು ವರ್ಷಕ್ಕಿಂತ ಜಾಸ್ತಿ ತಗೊಂಡೆ, ನೀವು ಅಷ್ಟು ತಗೋಬೇಡ್ರಿ.

ಮೊದಲ ದಿನ "ನಿಮ್ಮ ಜೀವನದ ಬಗ್ಗೆ ಹೇಳ್ರಿ" ಅಂತ ಕೇಳಬೇಡ್ರಿ

ನಾನು ಮಾಡಿದ ಮೊದಲನೇ ತಪ್ಪು ಇದು. ಬಿಳಿ ಹಾಳೆ, ಹೊಸ ಪೆನ್ನು, ಮೊಬೈಲ್ ರೆಕಾರ್ಡಿಂಗ್ ಆನ್ ಮಾಡಿ "ಅಜ್ಜಾರೆ, ನಿಮ್ಮ ಜೀವನದ ಬಗ್ಗೆ ಹೇಳ್ರಿ" ಅಂದೆ. ಅವರು ಎದ್ದು ಶಾಲು ಸರಿ ಮಾಡ್ಕೊಂಡು, ಸನ್ಮಾನ ಸಭೆಯಲ್ಲಿ ಮಾತಾಡ್ತಾರಲ್ಲ ಹಂಗೆ ಹತ್ತು ನಿಮಿಷ ಭಾಷಣ ಮಾಡಿದ್ರು. ಕಲಾದೇವಿ ಸೇವೆ, ಗುರುಹಿರಿಯರ ಆಶೀರ್ವಾದ, ಪ್ರೇಕ್ಷಕ ಪ್ರಭುಗಳು. ಎಷ್ಟೋ ವೇದಿಕೆಯಲ್ಲಿ ಹೇಳಿ ಹೇಳಿ ಪಾಠ ಆಗಿರೋ ಮಾತು ಅದು, ಅದರಲ್ಲಿ ಅವರಿರಲಿಲ್ಲ. ಎರಡನೇ ಸಲ ಹೋದಾಗಲೂ ಅದೇ ಭಾಷಣ, ಒಂದೆರಡು ಸಾಲು ಹಿಂದೆ ಮುಂದೆ.

ಮೂರನೇ ಸಲ ಏನೂ ತೋಚದೆ "ಅಜ್ಜಾರೆ, ಬಣ್ಣ ಹೆಂಗೆ ಹಚ್ಕೋತಿದ್ರಿ, ಯಾರಾದ್ರೂ ಹಚ್ತಿದ್ರಾ?" ಅಂತ ಕೇಳಿದೆ. ಅಷ್ಟೇ. ಕೈ ತಾನೇ ಮುಖಕ್ಕೆ ಹೋಯ್ತು. ಮೊದ್ಲು ಕೊಬ್ಬರಿ ಎಣ್ಣೆ, ಅದರ ಮೇಲೆ ಸಫೇದ ಅನ್ನೋ ಬಿಳಿ ಪುಡಿ, ಇಂಗಳೀಕದ ಕೆಂಪು ಎಷ್ಟು ಬೆರೆಸಬೇಕು, ರಾಜನ ಪಾತ್ರಕ್ಕೆ ಹುಬ್ಬು ಎಲ್ಲಿಂದ ಎಲ್ಲಿಗೆ, ಖಳನಿಗೆ ಎಲ್ಲಿಂದ ಎಲ್ಲಿಗೆ, ಬೇಸಿಗೆ ಕ್ಯಾಂಪ್‌ನಲ್ಲಿ ಬೆವರಿಗೆ ಬಣ್ಣ ಇಳಿದು ಕಣ್ಣಿಗೆ ಹೋದ್ರೆ ಏನ್ ಮಾಡ್ತಿದ್ರು, ಬೆರಳಲ್ಲಿ ಗೆರೆ ಎಳೀತಾ ಎಳೀತಾ ಒಂದೂವರೆ ತಾಸು ಹೇಳಿದ್ರು. ನಡುವೆ ಅಜ್ಜಿ ಕಾಫಿ ತಂದಿಟ್ಟು "ಸಿನಿಮಾದಾಗ ಮೇಕಪ್‌ನೋರು ಹಚ್ಚಿದ್ರೆ ಇವ್ರಿಗೆ ಸಮಾಧಾನನೇ ಆಗ್ತಿರ್ಲಿಲ್ಲ, ಕನ್ನಡಿ ಕೇಳಿ ಮತ್ತೆ ತಾವೇ ತಿದ್ಕೋತಿದ್ರು" ಅಂದ್ರು. ಒಂದು ಬದುಕು ಶುರುವಾಗೋದು ಹಿಂಗೆ.

ಹಂಗಾಗಿ ಬದುಕು ಕೇಳಬೇಡ್ರಿ, ಕೆಲಸ ಕೇಳ್ರಿ. ಮೊದಲ ಪಗಾರ ಎಷ್ಟು, ಯಾರ ಕೈಗೆ ಕೊಟ್ರಿ? ಕ್ಯಾಂಪ್ ಎತ್ತಿ ಮುಂದಿನ ಊರಿಗೆ ಹೋಗುವಾಗ ಪರದೆ, ಪೆಟ್ಟಿಗೆ, ಕುರ್ಚಿ ಯಾವುದರಲ್ಲಿ ಸಾಗಿಸ್ತಿದ್ರಿ? ಮಾತು ಮರೆತ್ರೆ ಪ್ರಾಂಪ್ಟರ್ ಎಲ್ಲಿ ನಿಂತಿರ್ತಿದ್ದ? ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಎಷ್ಟಕ್ಕೆ ಇಡ್ತಿದ್ರು? ಮಳೆ ಬಂದು ಕಲೆಕ್ಷನ್ ಇಲ್ಲದ ವಾರ ಊಟ ಹೆಂಗೆ? ಸಿನಿಮಾಕ್ಕೆ ಬಂದ್ರೆ, ಕರೆದೋರು ಯಾರು, ಕಾಲ್‌ಶೀಟ್ ಅಂತ ಪೇಪರ್ ಕೊಟ್ರಾ ಬಾಯಿ ಮಾತಾ, ಉಳ್ಕೊಳ್ಳೋಕೆ ಎಲ್ಲಿ, ಡಬ್ಬಿಂಗ್ ನೀವೇ ಮಾಡಿದ್ರಾ ಇಲ್ಲ ನಿಮ್ಮ ಬಾಯಿಗೆ ಬೇರೆಯವರ ದನಿ ಕೂರಿಸಿದ್ರಾ? ಈ ಕೊನೇ ಪ್ರಶ್ನೆ ತಪ್ಪದೆ ಕೇಳ್ರಿ. ನಮ್ಮ ಅಜ್ಜನಿಗೆ ಒಂದು ಸಿನಿಮಾದಲ್ಲಿ ಬೇರೆಯವರ ದನಿ ಹಾಕಿದ್ರಂತೆ, ಥಿಯೇಟರ್‌ನಲ್ಲಿ ಕೂತು ನೋಡಿದಾಗಲೇ ಅವರಿಗೆ ಗೊತ್ತಾಗಿದ್ದು. ರಂಗದ ಮೇಲೆ ಮೈಕ್ ಇಲ್ಲದೇ ಕೊನೇ ಸಾಲಿಗೆ ಮಾತು ಮುಟ್ಟಿಸ್ತಿದ್ದ ಮನುಷ್ಯನಿಗೆ ಅದು ಎಷ್ಟು ನೋವಾಗಿರ್ಬೇಡ. ಐವತ್ತು ವರ್ಷ ಹತ್ರ ಆಯ್ತು, ಹೇಳುವಾಗ ಈಗಲೂ ದನಿ ನಡುಗ್ತದೆ.

ಇಸವಿ ಕೇಳಿದ್ರೆ ಸಿಗಲ್ಲ, ಗೂಟ ಹುಡುಕ್ರಿ

ಕಲಾವಿದರಿಗೆ ಇಸವಿ ನೆನಪಿರಲ್ಲ. ಪಾತ್ರ, ಊರು, ಜೊತೆಗಿದ್ದೋರು ನೆನಪಿರ್ತದೆ. "ಯಾವ ಇಸವಿ" ಅಂತ ಕೇಳಿದ್ರೆ ಸುಮ್ನೆ ಏನೋ ಒಂದು ಹೇಳಿಬಿಡ್ತಾರೆ, ನಾವು ಅದನ್ನೇ ಬರ್ಕೊಂಡ್ರೆ ಪೂರ್ತಿ ಪುಸ್ತಕ ಓರೆ ಆಗ್ತದೆ. ಅದರ ಬದಲು ಎಲ್ಲರಿಗೂ ಗೊತ್ತಿರೋ ಘಟನೆಗಳನ್ನ ಗೂಟ ಹೊಡೆದಂಗೆ ಇಟ್ಕೊಳ್ರಿ, ಅದಕ್ಕಿಂತ ಮುಂಚೆಯೋ ಆಮೇಲೋ ಅಂತ ಕೇಳ್ರಿ.

ನಮ್ಮ ಕಡೆಗೆ ನಾನು ಇಟ್ಕೊಂಡಿರೋ ಗೂಟಗಳು ಇವು. ಚಿತ್ರದುರ್ಗದಲ್ಲಿ ನಾಗರಹಾವು ಶೂಟಿಂಗ್ ಆಗಿದ್ದು, ಸಿನಿಮಾ ಬಂದಿದ್ದು 1972ರ ಡಿಸೆಂಬರ್ ಕೊನೇಲಿ. ಮೈಸೂರು ರಾಜ್ಯ ಹೋಗಿ ಕರ್ನಾಟಕ ಆಗಿದ್ದು 1973ರ ನವೆಂಬರ್ 1. ಎಮರ್ಜೆನ್ಸಿ 1975ರಿಂದ 77. ಅಣ್ಣಾವ್ರು ಗೋಕಾಕ್ ಚಳವಳಿಗೆ ಇಳಿದಿದ್ದು 1982. ಶಂಕರ್‌ನಾಗ್ ನಮ್ಮ ಆನಗೋಡು ಹತ್ರ ಹೋಗಿಬಿಟ್ಟಿದ್ದು 1990ರ ಸೆಪ್ಟೆಂಬರ್ 30. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15. ವೀರಪ್ಪನ್ ಅಣ್ಣಾವ್ರನ್ನ ಹಿಡ್ಕೊಂಡು ಹೋಗಿದ್ದು 2000ದ ಜುಲೈ 30, ಬಿಟ್ಟಿದ್ದು ನವೆಂಬರ್ 15. ಇದರ ಜೊತೆ ಮನೆಯ ಗೂಟಗಳು, ಮದುವೆ, ಮೊದಲ ಮಗು, ಅಪ್ಪ ತೀರಿಕೊಂಡಿದ್ದು, ಮನೆ ಕಟ್ಟಿಸಿದ್ದು. ಮನೆಯ ಗೂಟಕ್ಕೆ ಹೆಂಡತಿಯನ್ನ ಕೇಳ್ರಿ, ನಟರನ್ನ ಕೇಳಬೇಡ್ರಿ. ನಮ್ಮ ಅಜ್ಜಿ "ದೊಡ್ಡೋನು ಹೊಟ್ಟೆಯಾಗಿದ್ದಾಗ ಇವ್ರು ಮದ್ರಾಸಿಗೆ ಹೋಗಿ ಹದಿನೆಂಟು ದಿನ ಕಾಗದ ಇಲ್ಲ" ಅಂತ ಒಂದು ಮಾತು ಹೇಳಿದ್ರು, ಅದರಿಂದ ಮೂರು ಸಿನಿಮಾದ ವರ್ಷ ಸರಿಯಾಯ್ತು.

ಆಮೇಲೆ ಕಾಗದ. ಹ್ಯಾಂಡ್‌ಬಿಲ್, ಟಿಕೆಟ್ ತುಂಡು, ಸಿನಿಮಾ ಹಾಡಿನ ಪುಸ್ತಕ, ಲೆಟರ್‌ಹೆಡ್, ಏನ್ ಸಿಕ್ರೂ ನೋಡ್ರಿ. ನಾಟಕದ ಹ್ಯಾಂಡ್‌ಬಿಲ್ ಮೇಲೆ ತಾರೀಖು, ವಾರ ಇರ್ತದೆ, ಇಸವಿ ಇರಲ್ಲ, ಇದು ದೊಡ್ಡ ಕಷ್ಟ. ಆದ್ರೆ ಇಸವಿ ಬೇರೆ ಕಡೆ ಅಡಗಿ ಕೂತಿರ್ತದೆ. ಟಿಕೆಟ್ ದರ ಆಣೆಯಲ್ಲಿದ್ರೆ ಅದು 1957ಕ್ಕಿಂತ ಹಿಂದಿನದೋ ಆಸುಪಾಸಿನದೋ, ಯಾಕಂದ್ರೆ 1957ರ ಏಪ್ರಿಲ್‌ನಿಂದ ರೂಪಾಯಿಗೆ ನೂರು ಪೈಸೆ ಲೆಕ್ಕ ಬಂತು. "ನಯೇಪೈಸೆ" ಅಂತಿದ್ರೆ 1957ರಿಂದ 64ರ ನಡುವೆ, ಆಮೇಲೆ ಬರೀ ಪೈಸೆ ಆಯ್ತು. ಮೈಸೂರು ರಾಜ್ಯ ಅಂತಿದ್ರೆ 1973ಕ್ಕಿಂತ ಮುಂಚೆ. ವಿಳಾಸದಲ್ಲಿ ಆರಂಕಿ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ ನಂತರ. "ದಾವಣಗೆರೆ, ಚಿತ್ರದುರ್ಗ ಜಿಲ್ಲೆ" ಅಂತಿದ್ರೆ 1997ಕ್ಕಿಂತ ಮುಂಚೆ. ತಾರೀಖು ಮತ್ತು ವಾರ ಎರಡೂ ಇದ್ರೆ ಹಳೇ ಕ್ಯಾಲೆಂಡರ್ ಜೊತೆ ಹೊಂದಿಸಿ ನೋಡಿದ್ರೆ ಐದಾರು ವರ್ಷಕ್ಕೊಮ್ಮೆ, ಕೆಲವು ಸಲ ಹನ್ನೊಂದು ವರ್ಷಕ್ಕೆ ಅದೇ ಜೋಡಿ ಬರ್ತದೆ, ಅಷ್ಟರಲ್ಲಿ ಯಾವುದು ಅಂತ ಉಳಿದ ಗುರುತಿನಿಂದ ಗೊತ್ತಾಗ್ತದೆ. ನಮ್ಮ ಅಜ್ಜ ತಾವು ಕಂಪನಿ ಸೇರಿದ್ದು 68ರಲ್ಲಿ ಅಂತ ಎಲ್ಲಾ ಕಡೆ ಹೇಳ್ಕೊಂಡು ಬಂದಿದ್ರು, ಸನ್ಮಾನ ಪತ್ರದಲ್ಲೂ ಹಂಗೇ ಅಚ್ಚಾಗಿದೆ. ಟ್ರಂಕಿನ ಅಡಿಗೆ ಹಾಸಿದ್ದ ಒಂದು ಹ್ಯಾಂಡ್‌ಬಿಲ್‌ನಲ್ಲಿ ಅವರ ಹೆಸರಿದೆ, ಕೆಳಗೆ "ನೆಲ 25 ನ.ಪೈ." ಅಂತ ಇದೆ. ಅಂದ್ರೆ ಕನಿಷ್ಠ ನಾಲ್ಕು ವರ್ಷ ಮೊದಲೇ ರಂಗದ ಮೇಲಿದ್ರು. ತೋರಿಸಿದಾಗ ತುಂಬಾ ಹೊತ್ತು ಅದನ್ನೇ ನೋಡಿ, "ಹೌದಲ್ಲೋ ತಮ್ಮಾ, ಆಗ ನನಗಿನ್ನೂ ಮೀಸೆ ಬಂದಿರ್ಲಿಲ್ಲ, ಹೆಣ್ಣು ಪಾತ್ರ ಮಾಡ್ತಿದ್ದೆ, ಅದನ್ನ ಲೆಕ್ಕಕ್ಕೇ ಹಿಡಿದಿರ್ಲಿಲ್ಲ" ಅಂದ್ರು. ನಾಲ್ಕು ವರ್ಷದ ಹೆಣ್ಣು ಪಾತ್ರಗಳು ಪೂರ್ತಿ ಬಿಟ್ಟುಹೋಗ್ತಿದ್ವು, ಒಂದು "ನ.ಪೈ." ಕಾಪಾಡ್ತು.

ಸಿನಿಮಾ ಪಟ್ಟಿ ಮಾಡುವಾಗ

ಇದೇ ಜಾಸ್ತಿ ಟೈಮ್ ತಿನ್ನೋ ಕೆಲಸ, ಜಾಸ್ತಿ ತಪ್ಪಾಗೋದೂ ಇಲ್ಲೇ. ಮೊದಲು ನಟರ ಬಾಯಿಂದ ಪಟ್ಟಿ ತಗೊಳ್ರಿ, ಆಮೇಲೆ ಒಂದೊಂದು ಸಿನಿಮಾನೂ ನೀವೇ ನೋಡಿ, ಅವರು ಎಷ್ಟನೇ ನಿಮಿಷದಲ್ಲಿ ಬರ್ತಾರೆ, ಯಾವ ಬಟ್ಟೆ, ಎದುರಿಗೆ ಯಾರು, ಏನ್ ಮಾತು ಅಂತ ಬರ್ಕೊಳ್ರಿ. ಟೈಟಲ್ ಕಾರ್ಡ್ ಒಂದೇ ನಂಬಿದ್ರೆ ಆಗಲ್ಲ, ಸಣ್ಣ ಪಾತ್ರದೋರ ಹೆಸರು ಎಷ್ಟೋ ಸಲ ಬಿಟ್ಟೇ ಹೋಗಿರ್ತದೆ, ಇಲ್ಲಾಂದ್ರೆ ಬೇರೆ ಹೆಸರಲ್ಲಿ ಇರ್ತದೆ.

ಹೆಸರಿನ ಕಥೆ ಗಮನ ಕೊಟ್ಟು ನೋಡ್ರಿ. ಮುತ್ತುರಾಜ್ ರಾಜ್‌ಕುಮಾರ್ ಆದ್ರು, ಸಂಪತ್‌ಕುಮಾರ್ ವಿಷ್ಣುವರ್ಧನ್ ಆದ್ರು, ಅಮರನಾಥ್ ಅಂಬರೀಶ್ ಆದ್ರು. ದೊಡ್ಡೋರದ್ದು ನಮಗೆ ಗೊತ್ತಿರೋದ್ರಿಂದ ಗೊಂದಲ ಇಲ್ಲ, ಸಣ್ಣ ಕಲಾವಿದರು ಹೆಸರು ಬದಲಾಯಿಸಿದ್ರೆ ಎರಡು ಜನ ಅಂತ ಅಂದ್ಕೊಂಡು ಅರ್ಧ ಪಟ್ಟಿ ಕಳ್ಕೊಂಡುಬಿಡ್ತೀವಿ. ನಮ್ಮ ಅಜ್ಜನ ಹೆಸರು ಟೈಟಲ್‌ಗಳಲ್ಲಿ ಮೂರು ಥರ ಬಂದಿದೆ, ಒಂದರಲ್ಲಿ ಊರ ಹೆಸರು ಸೇರಿಸಿ, ಒಂದರಲ್ಲಿ ಇನಿಷಿಯಲ್ ತಪ್ಪಾಗಿ. ಇದಕ್ಕೆ ಉಲ್ಟಾನೂ ಆಗ್ತದೆ, ಒಂದೇ ಹೆಸರಿಗೆ ಇಬ್ಬರು. ಕೆ.ಎಸ್. ಅಶ್ವಥ್ ನಟರು, ಸಿ. ಅಶ್ವತ್ಥ್ ಸುಗಮ ಸಂಗೀತದೋರು, ಇಬ್ಬರೂ ಹೋಗಿದ್ದು ಇಪ್ಪತ್ತು ದಿನದ ಅಂತರದಲ್ಲಿ, ಇವತ್ತಿಗೂ ಒಬ್ಬರ ಫೋಟೋ ಹಾಕಿ ಇನ್ನೊಬ್ಬರಿಗೆ ನಮನ ಹೇಳೋರಿದಾರೆ. ಅಷ್ಟು ದೊಡ್ಡೋರಿಗೇ ಹಿಂಗಾದ್ರೆ ನಮ್ಮೂರಿನ ಅಜ್ಜನ ಗತಿ ಏನು.

"ಮೊದಲ ಸಿನಿಮಾ" ಅನ್ನೋ ಮಾತು ಬಂದಾಗ ಎರಡು ಸಲ ಯೋಚನೆ ಮಾಡಿ. ವಿಷ್ಣುವರ್ಧನ್ ಮೊದಲ ಸಿನಿಮಾ ಯಾವುದು ಅಂತ ದುರ್ಗದಲ್ಲಿ ಯಾರನ್ನ ಕೇಳಿದ್ರೂ ನಾಗರಹಾವು ಅಂತಾರೆ, ಆದ್ರೆ ಅದಕ್ಕೂ ಮುಂಚೆ ವಂಶವೃಕ್ಷದಲ್ಲಿ ಒಂದು ಸಣ್ಣ ಪಾತ್ರ ಮಾಡಿದ್ರು. ಅಣ್ಣಾವ್ರಿಗೂ ಹಂಗೇ, ಹೀರೋ ಆಗಿ ಮೊದಲನೇದು 1954ರ ಬೇಡರ ಕಣ್ಣಪ್ಪ, ತೆರೆ ಮೇಲೆ ಮುಖ ಬಂದಿದ್ದು ಅದಕ್ಕಿಂತ ಹಿಂದೆ. ಆದ್ದರಿಂದ ಮೊದಲು ಕ್ಯಾಮೆರಾ ಮುಂದೆ ನಿಂತಿದ್ದು, ಮೊದಲು ಮಾತು ಸಿಕ್ಕಿದ್ದು, ಮೊದಲು ಟೈಟಲ್‌ನಲ್ಲಿ ಹೆಸರು ಬಂದಿದ್ದು, ಇವನ್ನ ಬೇರೆ ಬೇರೆ ಕೇಳ್ರಿ. ಅಜ್ಜನಿಗೆ ಇವು ಬೇರೆ ಬೇರೆ ವರ್ಷ, ನಡುವೆ ಆರು ವರ್ಷ ಹೋಗಿದೆ.

ಹಂಗೇ ಶೂಟಿಂಗ್ ಆದ ಕಾಲ ಬೇರೆ, ರಿಲೀಸ್ ಆದ ಕಾಲ ಬೇರೆ. ನಾಗರಹಾವು 1972ರ ಡಿಸೆಂಬರ್ ಕೊನೇಲಿ ಬಂದಿದ್ರಿಂದ ಅದನ್ನ ಜನ ಥಿಯೇಟರ್‌ನಲ್ಲಿ ನೋಡಿದ್ದೆಲ್ಲಾ ಹೆಚ್ಚುಕಡಿಮೆ 73ರಲ್ಲಿ, "73ರಲ್ಲಿ ನೋಡಿದ್ದು" ಅಂತ ಅಜ್ಜಂದಿರು ಹೇಳಿದ್ರೆ ಅದು ತಪ್ಪಲ್ಲ. ವಿಷ್ಣುವರ್ಧನ್ ಕೊನೇ ಸಿನಿಮಾ ಆಪ್ತರಕ್ಷಕ ತೆರೆಗೆ ಬಂದಾಗ 2010ರ ಫೆಬ್ರವರಿ, ಅವರಿರಲಿಲ್ಲ. ಪಟ್ಟಿಯಲ್ಲಿ ಎರಡೂ ಕಾಲಂ ಇಡ್ರಿ, ಒಂದು ಕೆಲಸ ಮಾಡಿದ ವರ್ಷ, ಇನ್ನೊಂದು ಬಿಡುಗಡೆ ವರ್ಷ. ಹಳೇ ರಾಜ್ಯ ಪ್ರಶಸ್ತಿಗಳು 1972-73 ಅಂತ ಜೋಡಿ ವರ್ಷದಲ್ಲಿ ಇರ್ತಿದ್ವು, ಕೊಡೋ ಸಮಾರಂಭ ಇನ್ನೂ ತಡ ಆಗಿರ್ತದೆ, ಅದನ್ನೂ ಬಿಡುಗಡೆ ವರ್ಷ ಅಂತ ತಿಳ್ಕೊಂಡು ಬರೆದುಬಿಡಬೇಡ್ರಿ.

ಸಿನಿಮಾ ಶುರುವಿಗೆ ಸೆನ್ಸಾರ್ ಸರ್ಟಿಫಿಕೇಟ್ ತೋರಿಸ್ತಾರಲ್ಲ, ನಾವು ಯಾರೂ ಓದಲ್ಲ, ಅಲ್ಲಿ ತಾರೀಖು ಇರ್ತದೆ. ಅಲ್ಲಿ ವಿಡಿಯೋ ನಿಲ್ಲಿಸಿ ಫೋಟೋ ತೆಗೆದಿಟ್ಕೊಳ್ರಿ. ತಾರೀಖು ಮಸುಕಾಗಿದ್ರೂ "ಯು/ಎ" ಅಂತ ಕಂಡ್ರೆ ಅದು 1983ಕ್ಕಿಂತ ಹಿಂದಿನದಲ್ಲ, ಅಲ್ಲಿವರೆಗೂ ಯು ಮತ್ತು ಎ ಎರಡೇ ಇದ್ದಿದ್ದು. ಕಲರ್ರೋ ಕಪ್ಪು ಬಿಳುಪೋ ಅನ್ನೋದು ಅಷ್ಟು ಗಟ್ಟಿ ಗುರುತಲ್ಲ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಅಮರಶಿಲ್ಪಿ ಜಕಣಾಚಾರಿ 1964ರಲ್ಲೇ ಬಂದ್ರೂ ಕಪ್ಪು ಬಿಳುಪು ಎಪ್ಪತ್ತರ ದಶಕದಲ್ಲೂ ನಡೀತಿತ್ತು. ಹಳೇ ರೂಪತಾರಾ, ವಿಜಯಚಿತ್ರ ಸಂಚಿಕೆ ಯಾರ ಮನೆಯಲ್ಲಾದ್ರೂ ಕಟ್ಟು ಕಟ್ಟಿ ಇಟ್ಟಿದ್ರೆ ಕೈಕಾಲು ಹಿಡಿದಾದ್ರೂ ನೋಡ್ಕೊಂಡು ಬರ್ರಿ. ನಮ್ಮ ಊರಿನ ಸುದ್ದಿಗೆ ಜನತಾವಾಣಿಯಂಥ ಸ್ಥಳೀಯ ಪೇಪರ್ ಹಳೇ ಸಂಚಿಕೆ, ಸಿನಿಮಾ ಯಾವ ಟಾಕೀಸ್‌ಗೆ ಯಾವ ವಾರ ಬಂತು ಅನ್ನೋದು ಅದರ ಜಾಹೀರಾತಲ್ಲೇ ಇರ್ತದೆ.

ಕೇಳಿದ್ದು ಬೇರೆ, ಕಂಡಿದ್ದು ಬೇರೆ

ಶಂಕರ್‌ನಾಗ್ ವಿಷಯ ತಗೊಳ್ರಿ. ಆನಗೋಡು ನಮಗೆ ಕೂಗಳತೆ ದೂರ. ಆ ದಿನದ ಬಗ್ಗೆ ದಾವಣಗೆರೆಯಲ್ಲಿ ಐವತ್ತು ದಾಟಿದ ಪ್ರತಿಯೊಬ್ಬರ ಹತ್ರ ಒಂದೊಂದು ಕಥೆ ಇದೆ, ನಾನು ಹನ್ನೊಂದು ಜನರ ಹತ್ರ ಕೇಳಿದೀನಿ, ಹನ್ನೊಂದೂ ಬೇರೆ. ಯಾರೂ ಸುಳ್ಳು ಹೇಳ್ತಿಲ್ಲ, ಅಷ್ಟು ಪ್ರೀತಿಯ ಮನುಷ್ಯ ಮೂವತ್ತೈದು ವಯಸ್ಸಿಗೆ ನಮ್ಮ ರಸ್ತೆಯಲ್ಲೇ ಹೋದ್ರಲ್ಲ ಅನ್ನೋ ಸಂಕಟ, ಕೇಳಿದ್ದನ್ನೇ ಕಂಡಂಗೆ ಮಾಡಿಬಿಟ್ಟಿದೆ. ಹಂಗಾಗಿ ನಾನು ನೋಟ್‌ಬುಕ್‌ನಲ್ಲಿ ಪ್ರತಿ ಸಾಲಿನ ಮುಂದೆ ಒಂದು ಅಕ್ಷರ ಹಾಕ್ತೀನಿ. "ಕಂ" ಅಂದ್ರೆ ಅವರೇ ಕಂಡಿದ್ದು, "ಕೇ" ಅಂದ್ರೆ ಕೇಳಿದ್ದು, "ಕಾ" ಅಂದ್ರೆ ಕಾಗದದಲ್ಲಿ ಸಿಕ್ಕಿದ್ದು. ಅಜ್ಜ ಹೇಳ್ತಾ ಹೇಳ್ತಾ ದೊಡ್ಡ ನಟರ ಬಗ್ಗೆ ಏನಾದ್ರೂ ಹೇಳಿದಾಗ ಮೆಲ್ಲಗೆ "ಅಜ್ಜಾರೆ, ಆಗ ನೀವು ಅಲ್ಲೇ ಇದ್ರಾ?" ಅಂತ ಕೇಳ್ರಿ. "ಇಲ್ಲಪ್ಪ, ಮೇಕಪ್‌ನೋರು ಹೇಳಿದ್ದು" ಅಂತಾರೆ, ಬೇಜಾರು ಮಾಡ್ಕೊಳ್ಳಲ್ಲ. ಇನ್ನೊಬ್ಬರ ಕುಡಿತ, ಸಂಸಾರ, ಸಾಲದ ಮಾತು ಬಂದ್ರೆ ರೆಕಾರ್ಡಿಂಗ್ ನಿಲ್ಲಿಸಿಬಿಡ್ರಿ, ಅವು ನಮ್ಮ ಕೆಲಸ ಅಲ್ಲ, ಉತ್ತರ ಕೊಡೋಕೆ ಆ ಮನುಷ್ಯ ಇರಲ್ಲ.

ಸಾಧ್ಯ ಆದ್ರೆ ಜಾಗಕ್ಕೆ ಕರ್ಕೊಂಡು ಹೋಗ್ರಿ

ಮನೆಯಲ್ಲಿ ಕೂತು ಬರದ ಮಾತು ಜಾಗದಲ್ಲಿ ಬರ್ತದೆ. ಅಜ್ಜನ ಕಂಪನಿ ನಾಗರಹಾವು ಶೂಟಿಂಗ್ ಟೈಮ್‌ನಲ್ಲಿ ಚಿತ್ರದುರ್ಗದಲ್ಲಿ ಕ್ಯಾಂಪ್ ಹಾಕಿತ್ತಂತೆ, ರಾತ್ರಿ ನಾಟಕ, ಹಗಲು ಕೋಟೆಗೆ ಹೋಗಿ ಶೂಟಿಂಗ್ ನೋಡೋದು. ಮನೆಯಲ್ಲಿ ಕೇಳಿದಾಗ "ನೋಡಿದ್ವಿ, ಜನ ಜಾತ್ರೆ" ಅಂತ ಎರಡು ಮಾತಲ್ಲಿ ಮುಗಿಸಿದ್ರು. ಒಂದು ಭಾನುವಾರ ಬೆಳಿಗ್ಗೆ ಕಾರು ಮಾಡ್ಕೊಂಡು, ದಾವಣಗೆರೆಯಿಂದ ದುರ್ಗಕ್ಕೆ ಅರವತ್ತು ಕಿಲೋಮೀಟರ್ ಹತ್ರ, ಕರ್ಕೊಂಡು ಹೋದೆ. ಬಿಸಿಲು ಏರಿದ್ರೆ ಆ ಬಂಡೆಗಳು ಹೆಂಚಾಗ್ತವೆ, ವಯಸ್ಸಾದೋರನ್ನ ಕರ್ಕೊಂಡು ಹೋಗೋದಾದ್ರೆ ಕೋಟೆ ಬಾಗಿಲು ತೆಗೆಯೋ ಹೊತ್ತಿಗೇ ಅಲ್ಲಿರ್ರಿ, ನೀರು, ಛತ್ರಿ, ಒಂದು ಸಣ್ಣ ಸ್ಟೂಲು ಜೊತೆಗಿರ್ಲಿ. ಮೇಲೆ ಏಕನಾಥೇಶ್ವರಿ ಗುಡಿವರೆಗೂ ಹತ್ತಿಸೋ ಆಸೆ ಬೇಡ. ನಾವು ಓಬವ್ವನ ಕಿಂಡಿಗೂ ಹೋಗಲಿಲ್ಲ, ಕೆಳಗಿನ ಬಾಗಿಲು ದಾಟಿ ನೆರಳಲ್ಲಿ ಕೂತ್ವಿ.

ಅಲ್ಲಿ ಕೂತು ಅಜ್ಜ ಹೇಳಿದ್ದು ವಿಷ್ಣುವರ್ಧನ್ ಮಾಡಿದ ರಾಮಾಚಾರಿ ಬಗ್ಗೆ ಅಲ್ಲ, ಕೆ.ಎಸ್. ಅಶ್ವಥ್ ಮಾಡಿದ ಚಾಮಯ್ಯ ಮೇಷ್ಟ್ರು ಬಗ್ಗೆ. ಎಲ್ಲರೂ ಹೊಸ ಹುಡುಗನ್ನ ನೋಡ್ತಿದ್ರೆ ಇವರು ಅಶ್ವಥ್ ಅವರನ್ನ ನೋಡ್ತಾ ನಿಂತಿದ್ರಂತೆ. ಶಾಟ್ ಇಲ್ಲದಾಗ ಒಂದು ಬಂಡೆ ನೆರಳಲ್ಲಿ ಕೋಟು, ಪೇಟದಲ್ಲೇ ಕೂತಿರ್ತಿದ್ರು, ಹೆಚ್ಚು ಮಾತಿಲ್ಲ, ಕರೆದಾಗ ಎದ್ದು ಬಂದು ಕ್ಯಾಮೆರಾ ಮುಂದೆ ದನಿ ಎತ್ತದೇ ಮಾತಾಡ್ತಿದ್ರು. "ನಾವು ರಂಗದ ಮೇಲೆ ಕೂಗಿ ಕೂಗಿ ಗಂಟಲು ಹರ್ಕೊಂಡೋರು, ಈ ಮನುಷ್ಯ ಪಕ್ಕದಾಗ ಕೂತೋನಿಗೆ ಹೇಳಿದಂಗೆ ಹೇಳ್ತಾರಲ್ಲ, ಇದು ಹಿಂದಿನ ಸಾಲಿಗೆ ಹೆಂಗೆ ಕೇಳ್ತದೆ ಅಂತ ನನಗೆ ಚಿಂತೆ ಆಗಿತ್ತು ತಮ್ಮಾ. ಆಮೇಲೆ ಟಾಕೀಸಿನಾಗ ಕೂತಾಗ ಗೊತ್ತಾತು, ಕ್ಯಾಮೆರಾನೇ ಹತ್ರ ಬರ್ತದೆ, ನಾವು ಹೋಗಬೇಕಾಗಿಲ್ಲ." ಸಿನಿಮಾದಲ್ಲಿ ಅಜ್ಜ ಮಾಡಿದ ಅಷ್ಟೂ ಪಾತ್ರದಲ್ಲಿ ದನಿ ಯಾಕೆ ಅಷ್ಟು ತಗ್ಗಿ ಇದೆ ಅಂತ ನನಗೆ ಅವತ್ತು ತಿಳೀತು. ಮನೆ ಸೋಫಾದಲ್ಲಿ ಹತ್ತು ವರ್ಷ ಕೂತಿದ್ರೂ ಈ ಮಾತು ಬರ್ತಿರ್ಲಿಲ್ಲ. ವಾಪಸ್ ಬರುವಾಗ ಮಿರ್ಚಿ ಮಂಡಕ್ಕಿ ತಿಂದ್ವಿ, ಅಜ್ಜಿಗೆ ಹೇಳಬೇಡ ಅಂದ್ರು, ಹೇಳಿಲ್ಲ.

ಕೋಟೆ ಆಗದಿದ್ರೆ ಕಂಪನಿ ಟೆಂಟ್ ಹಾಕ್ತಿದ್ದ ಮೈದಾನ, ಮುಚ್ಚಿಹೋದ ಟಾಕೀಸ್ ಮುಂದೆ, ಉಳ್ಕೊಂಡಿದ್ದ ಛತ್ರ, ಎಲ್ಲಾದ್ರೂ ಸರಿ. ಈಗ ಅಲ್ಲಿ ಕಾಂಪ್ಲೆಕ್ಸ್ ಇದ್ರೂ ಪರವಾಗಿಲ್ಲ, ಅವರ ಕಣ್ಣಿಗೆ ಹಳೇದೇ ಕಾಣ್ತಿರ್ತದೆ.

ರೆಕಾರ್ಡಿಂಗ್, ಫೋಟೋ

ರೆಕಾರ್ಡಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೊಬೈಲ್ ಸಾಕು, ಫ್ಲೈಟ್ ಮೋಡ್‌ಗೆ ಹಾಕ್ರಿ, ಫ್ಯಾನ್ ಆಫ್ ಮಾಡ್ರಿ, ಮೊಬೈಲ್ ಅವರ ಹತ್ರ ಒಂದು ಟವೆಲ್ ಮಡಚಿ ಅದರ ಮೇಲೆ ಇಡ್ರಿ. ನನ್ನ ಮೊದಲ ನಾಲ್ಕು ತಾಸಿನ ರೆಕಾರ್ಡಿಂಗ್‌ನಲ್ಲಿ ಫ್ಯಾನ್ ಸದ್ದೇ ತುಂಬಿದೆ, ಅದು ಮತ್ತೆ ಸಿಗಲ್ಲ. ಶುರುವಿಗೆ ತಾರೀಖು, ಜಾಗ, ಯಾರ್ಯಾರು ಇದೀವಿ ಅಂತ ಬಾಯಲ್ಲೇ ಹೇಳ್ರಿ, ರೆಕಾರ್ಡ್ ಮಾಡ್ಕೊಳ್ಳೋಕೆ ಒಪ್ಪಿಗೆ ಇದೆ ಅಂತ ಅವರ ದನಿಯಲ್ಲೇ ಬರ್ಲಿ. ತಿಂಡಿ ಆದ ಮೇಲೆ ಬೆಳಿಗ್ಗೆ ಒಳ್ಳೇ ಟೈಮು, ಮುಕ್ಕಾಲು ತಾಸಿಗಿಂತ ಜಾಸ್ತಿ ಬೇಡ, ಅವರೇ ಉತ್ಸಾಹದಲ್ಲಿದ್ರೆ ಬೇರೆ ಮಾತು. ಅವತ್ತೇ ರಾತ್ರಿ ಎರಡು ಕಡೆ ಕಾಪಿ ಮಾಡ್ರಿ, ಮನೆಯೋರಿಗೆ ಒಂದು ಪೆನ್‌ಡ್ರೈವ್.

ಫೋಟೋಗಳನ್ನ ಮಾತ್ರ ಮಗು ಎತ್ತಿದಂಗೆ ಎತ್ತಬೇಕು. ಹಳೇ ಆಲ್ಬಂಗೆ ಅಂಟಿಹೋಗಿದ್ರೆ ಕೀಳಬೇಡ್ರಿ, ಅಲ್ಲಿದ್ದಂಗೇ ಕಿಟಕಿ ಬೆಳಕಲ್ಲಿ ಫೋಟೋ ತೆಗೀರಿ. ಬಿಡಿ ಇರೋದನ್ನ ಸ್ಕ್ಯಾನ್ ಮಾಡ್ಸೋದಾದ್ರೆ 600 ಡಿಪಿಐಗೆ ಮಾಡ್ಸಿ, ಅಂಗಡಿಯೋನ ಕೈಗೆ ಕೊಟ್ಟು ಬರದೇ ಪಕ್ಕದಲ್ಲೇ ನಿಂತು ಮಾಡ್ಸಿ. ಲ್ಯಾಮಿನೇಷನ್ ಅಂತೂ ಖಂಡಿತ ಬೇಡ, ಹರಿದಿದೆ ಅಂತ ಸೆಲ್ಲೋ ಟೇಪ್ ಹಚ್ಚೋದೂ ಬೇಡ, ಒಂದೆರಡು ವರ್ಷಕ್ಕೆ ಹಳದಿ ಕಲೆ ಬಿದ್ದು ಮುಖನೇ ಹೋಗ್ತದೆ. ಹಿಂದೆ ಬಾಲ್‌ಪೆನ್ನಲ್ಲಿ ಒತ್ತಿ ಬರೆದ್ರೆ ಮುಂದೆ ಉಬ್ಬುತ್ತೆ, ಮೆತ್ತನೆ ಪೆನ್ಸಿಲ್ ಸಾಕು. ಪ್ರತಿ ಫೋಟೋದಲ್ಲಿ ಎಡದಿಂದ ಬಲಕ್ಕೆ ಯಾರ್ಯಾರು ಅಂತ ಕೇಳಿ ಬರ್ಕೊಳ್ರಿ, ಗೊತ್ತಿಲ್ಲದೋರ ಜಾಗ ಖಾಲಿ ಬಿಡ್ರಿ, ಇನ್ನೊಬ್ಬ ಹಳೇ ಕಲಾವಿದರು ಸಿಕ್ಕಾಗ ಆ ಖಾಲಿ ತುಂಬ್ತದೆ. ಪುಸ್ತಕದಲ್ಲಿ ಹಾಕೋದಾದ್ರೆ ಫೋಟೋ ತೆಗೆದ ಸ್ಟುಡಿಯೋದೋರ ಒಪ್ಪಿಗೆನೂ ನೋಡ್ಕೊಳ್ರಿ, 2012ರ ತಿದ್ದುಪಡಿ ಆದ ಮೇಲೆ ಫೋಟೋಗೆ, ತೆಗೆದೋರು ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಇರ್ತದೆ.

ಇನ್ನೊಂದು ಉಪಯೋಗ ನಾನು ಮೊದಲು ಅಂದ್ಕೊಂಡಿರ್ಲಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಕಷ್ಟದಲ್ಲಿರೋ ಹಿರಿಯ ಕಲಾವಿದರಿಗೆ ಮಾಸಾಶನ ಕೊಡ್ತಾರೆ, ಅದಕ್ಕೆ ಅರ್ಜಿ ಹಾಕೋವಾಗ ಇಷ್ಟು ವರ್ಷ ಕಲೆಯಲ್ಲಿದ್ದೆ ಅನ್ನೋದಕ್ಕೆ ದಾಖಲೆ ಬೇಕು. ತಾರೀಖು ಪ್ರಕಾರ ಜೋಡಿಸಿದ ಹ್ಯಾಂಡ್‌ಬಿಲ್, ಫೋಟೋ, ಪೇಪರ್ ಕಟಿಂಗ್ ಜೆರಾಕ್ಸ್ ಒಂದು ಫೈಲ್ ಮಾಡಿಕೊಟ್ರೆ ಅದೇ ದಾಖಲೆ. ಬರವಣಿಗೆ ಮುಗಿಯೋಕೆ ವರ್ಷಗಟ್ಟಲೆ ಆಗಬಹುದು, ಈ ಫೈಲ್ ಮಾತ್ರ ಮೊದಲ ತಿಂಗಳೇ ಮಾಡಿಕೊಡ್ರಿ.

ಬರೆಯುವಾಗ

ಹುಟ್ಟು, ಬಾಲ್ಯ, ವಿದ್ಯಾಭ್ಯಾಸ, ಸಾಧನೆ, ಪ್ರಶಸ್ತಿ ಅಂತ ಸನ್ಮಾನ ಪತ್ರದ ಸಾಲಿಗೆ ಹೋಗಬೇಡ್ರಿ. ನಾನು ಪಾತ್ರದ ಪ್ರಕಾರ ಬರೆದೆ. ಹೆಣ್ಣು ಪಾತ್ರದ ವರ್ಷಗಳು ಒಂದು ಭಾಗ, ಖಳನ ವರ್ಷಗಳು ಒಂದು ಭಾಗ, ಸಿನಿಮಾದಲ್ಲಿ ಹೆಣ್ಣಿನ ತಂದೆ ಆಗಿದ್ದು ಒಂದು ಭಾಗ. ಅಜ್ಜ ತೆರೆ ಮೇಲೆ ಹನ್ನೆರಡು ಹೆಣ್ಣುಮಕ್ಕಳ ಮದುವೆ ಮಾಡಿದಾರೆ, ನಿಜ ಮಗಳ ಮದುವೆಗೆ ಸಾಲ ಸಿಗದೇ ಶೂಟಿಂಗ್‌ನಿಂದ ಬಂದ ದಿನದ ಭತ್ಯೆ ಕೂಡಿಟ್ಟಿದ್ದು ಅಲ್ಲೇ ಬಂತು, ಹುಟ್ಟಿದ ಇಸವಿಯಿಂದ ಶುರು ಮಾಡಿದ್ರೆ ಇದೆರಡೂ ಒಂದೇ ಪುಟಕ್ಕೆ ಬರ್ತಿರ್ಲಿಲ್ಲ. ಅವರ ಮಾತನ್ನ ಗ್ರಂಥ ಭಾಷೆಗೆ ತಿದ್ದಬೇಡ್ರಿ. "ಗೊತ್ತಾತು" ಅಂದಿದ್ದನ್ನ "ಅರಿವಾಯಿತು" ಅಂತ ಬರೆದ್ರೆ ಮನೆಯೋರಿಗೇ ಇದು ನಮ್ಮಪ್ಪ ಅಂತ ಗುರುತು ಸಿಗಲ್ಲ.

ಬರೆದಾದ ಮೇಲೆ ಅಚ್ಚಿಗೆ ಕೊಡೋ ಮುಂಚೆ ಪೂರ್ತಿ ಅವರಿಗೆ ಓದಿ ಹೇಳ್ರಿ, ಕೈಯಲ್ಲಿ ಪೆನ್ನು ಇರ್ಲಿ. ಪ್ರತಿ ಕೊಟ್ಟು ಬಂದುಬಿಟ್ರೆ ಕಣ್ಣು ಕಾಣಲ್ಲ ಅಂತ ಅವರು ಓದಲ್ಲ, ಸಂಕೋಚಕ್ಕೆ ಚೆನ್ನಾಗಿದೆ ಅಂದುಬಿಡ್ತಾರೆ. ನಾನು ಐದು ದಿನ ಬೆಳಿಗ್ಗೆ ಹೋಗಿ ಓದಿದೆ. ಮೊದಲ ಮೂರು ದಿನ ಕಣ್ಣು ಮುಚ್ಚಿ ಕೇಳಿದ್ರು, ಏನೂ ಅನ್ನಲಿಲ್ಲ. ನಾಲ್ಕನೇ ದಿನ ಕಂಪನಿಯೋರ ಪಟ್ಟಿ ಓದುವಾಗ ಕೈ ಎತ್ತಿ ನಿಲ್ಲಿಸಿದ್ರು. ಮಾಲೀಕರು, ನಟರು, ನಟಿಯರು, ತಬಲಾದೋರು, ಹಾರ್ಮೋನಿಯಂ ಮೇಷ್ಟ್ರು ಎಲ್ಲಾ ಇದ್ರು. "ಪರದೆ ಎಳೆಯೋನ ಹೆಸರು ಎಲ್ಲೋ?" ಅಂದ್ರು. ನಾನು ಕೇಳೇ ಇರ್ಲಿಲ್ಲ. ಹದಿನಾಲ್ಕು ವರ್ಷ ಪರದೆ ಎಳೆದೋರು ಹರಿಹರದ ಒಬ್ಬರು, ಅವರ ಹೆಸರು, ತಂದೆ ಹೆಸರು, ಎಡಗೈ ಬೆರಳಿಗೆ ಹಗ್ಗ ಕೊಯ್ದ ಗಾಯದ ಗುರುತು ಎಲ್ಲಾ ಹೇಳಿ ಬರೆಸಿ, ಇನ್ನೊಂದ್ಸಲ ಓದಿಸಿ ಕೇಳಿ, ಆಮೇಲೆ ಮುಂದಿನ ಪುಟ ತಿರುವು ಅಂದ್ರು.